ಚಟ್ನಿಗೊಂದು ಪತ್ರ (ಉಳಿದವರೂ ಓದಬಹುದು)

ಲೋ ಚಟ್ನಿ,

ಫೋನ್ ಮಾಡುವುದು ಬಿಟ್ಟು ಊರೆದುರು ಪತ್ರ ಬರೆಯುತ್ತಾನೆ ಅಂತ ಬೈಯಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಮೂರನೇ ಇಡ್ಲಿಯ ವಿಷಯ ಎತ್ತುವುದಿಲ್ಲ, ಆಣೆಗೂ.

ಒಂದು ವಾರದಿಂದ ಒಬ್ಬ ಹೆಂಗಸು ತಲೆಯಲ್ಲಿ ಕೂತಿದ್ದಾಳೆ. ನಗಬೇಡ, ಅವಳು ಸತ್ತು ಐನೂರು ವರ್ಷವಾಗುತ್ತಾ ಬಂತು. ಜೇನ್ ಬೊಲಿನ್, ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದವಳು. ನಾದಿನಿ ಆನ್ ಬೊಲಿನ್ ರಾಣಿ. 1536ರ ಮೇ ತಿಂಗಳಲ್ಲಿ, ಎರಡೇ ದಿನದ ಅಂತರದಲ್ಲಿ, ಮೊದಲು ಗಂಡನ ತಲೆ ಹೋಯಿತು, ಆಮೇಲೆ ನಾದಿನಿಯದು. ಗಂಡನ ವಿರುದ್ಧ ಇವಳೇ ಸಾಕ್ಷಿ ಹೇಳಿದಳು ಅಂತ ಜನ ಇಂದಿಗೂ ಆಡಿಕೊಳ್ಳುತ್ತಾರೆ. ಅದಕ್ಕೆ ಗಟ್ಟಿ ದಾಖಲೆ ಇಲ್ಲ. ಆಸ್ತಿ ಕಳೆದುಕೊಂಡು ಮಂತ್ರಿ ಕ್ರಾಮ್‌ವೆಲ್‌ಗೆ ಕಾಸಿಗಾಗಿ ಕಾಗದ ಬರೆದದ್ದಕ್ಕೆ ಇದೆ.

ಆಮೇಲಾದರೂ ದೂರ ಇರಬೇಕಿತ್ತು ಅಲ್ವಾ? ಮತ್ತೆ ಅರಮನೆಗೇ ಬಂದಳು. 1541ರಲ್ಲಿ ಹೆನ್ರಿ ಪರಿವಾರ ಸಮೇತ ಉತ್ತರಕ್ಕೆ ಹೊರಟಾಗ, ಐದನೇ ಹೆಂಡತಿ ಕ್ಯಾಥರೀನ್ ರಾತ್ರಿ ಹೊತ್ತು ಕಲ್‌ಪೆಪರ್ ಎಂಬುವನನ್ನು ಕದ್ದು ಕಾಣುತ್ತಿದ್ದಳು. ಲಿಂಕನ್‌ನಲ್ಲಿ ಕಾವಲುಗಾರ ಹಿಂಬಾಗಿಲಿಗೆ ಬೀಗ ಜಡಿದರೂ ಅವನು ಬೀಗ ಬಿಚ್ಚಿ ಒಳಗೆ ಬಂದ. ಈ ಭೇಟಿಗಳಿಗೆಲ್ಲ ಕಾವಲು ಜೇನ್. ಅವಳಿಗೇನು ಲಾಭ? ನನಗನಿಸುವುದು ಇಷ್ಟೇ, ದೊಡ್ಡವರ ಗುಟ್ಟು ಕೈಯಲ್ಲಿದ್ದರೆ ನಾವೂ ಒಂದು ಗೇಣು ಎತ್ತರವಾದ ಹಾಗೆ.

ಸಿಕ್ಕಿಬಿದ್ದಾಗ ರಾಣಿ ಜೇನ್ ಕಡೆ ಬೆರಳು ತೋರಿಸಿದಳು. ಕಲ್‌ಪೆಪರ್ ಕೂಡ. ಜೇನ್, ಅವರಿಬ್ಬರ ನಡುವೆ ಎಲ್ಲವೂ ನಡೆದಿರಬೇಕು ಅಂದುಬಿಟ್ಟಳು. ಸೆರೆಯಲ್ಲಿ ಬುದ್ಧಿ ಕೆಟ್ಟಿತು. ಹುಚ್ಚು ಹಿಡಿದ ದ್ರೋಹಿಗಳನ್ನೂ ಕೊಲ್ಲಬಹುದು ಅಂತ ಹೆನ್ರಿ ಕಾನೂನನ್ನೇ ಮಾಡಿಸಿದ. 1542ರ ಫೆಬ್ರವರಿ 13ರಂದು ರಾಣಿಯ ಹಿಂದೆಯೇ ಇವಳದೂ ಮುಗಿಯಿತು.

ಇಷ್ಟು ಬರೆದು ನಿಲ್ಲಿಸಬೇಕು ಅಂತಲೇ ಕೂತಿದ್ದೆ. ಆದರೆ ನೀನು ಬೇರೆ ಕೆಲಸ ಹುಡುಕುತ್ತಿದ್ದದ್ದು ಆ ವರ್ಷ ಬಾಸ್‌ಗೆ ಹೇಗೆ ಗೊತ್ತಾಯಿತು ಅಂತ ನೀನು ಎಷ್ಟು ಸಲ ಕೇಳಿದ್ದೆ ನೆನಪಿದೆಯಾ? ನಿನ್ನ ಜೊತೆ ಕೂತು ಒಬ್ಬೊಬ್ಬರ ಮೇಲೂ ಅನುಮಾನ ಪಟ್ಟವನು ನಾನು. ನಾನೇ ಕಣೋ ಹೇಳಿದ್ದು. ಯಾರೂ ಹೆದರಿಸಿರಲಿಲ್ಲ. ಕಾಫಿ ಕೊಡಿಸಿ, ಹೆಗಲ ಮೇಲೆ ಕೈ ಹಾಕಿ ಕೇಳಿದರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಉಳಿದಿತ್ತು.

ಸರಿ, ಬೈಯುವುದಿದ್ದರೆ ಫೋನ್ ಮಾಡು. ಇಲ್ಲಿ ನಿಮ್ಮ ಮಾವನವರೂ ಓದುತ್ತಿರುತ್ತಾರೆ. ತಲೆ ತೆಗೆಯುವುದಾದರೆ ಮೊದಲೇ ತಿಳಿಸು, ಕಟಿಂಗ್ ದುಡ್ಡಾದರೂ ಉಳಿಯಲಿ.

ಮೂರನೇ ಇಡ್ಲಿಯ ವಿಷಯದಲ್ಲಿ ಮಾತ್ರ ನಾನು ನಿರಪರಾಧಿ.

ಇಂತಿ,
ನಿನ್ನ ಗುಂಡ