ಚಳಿ ತಡೆಯುವ ಬೇರು: ಇಲಿಯ ಲೆಕ್ಕ, ಮನುಷ್ಯರ ಲೆಕ್ಕ

ಮಾನ್ಯರೇ,

ಅಶ್ವಗಂಧದಂಥ ಬೇರುಗಳು ಚಳಿ ತಡೆಯುತ್ತವೆ ಎನ್ನುವ ಜಾಹೀರಾತುಗಳು ಪರೀಕ್ಷೆ ಹೇಗೆಂದು ಹೇಳುವುದಿಲ್ಲ. ದೆಹಲಿಯ ಡಿಪಾಸ್ (ರಕ್ಷಣಾ ಇಲಾಖೆಯ ಶರೀರಕ್ರಿಯಾ ಸಂಶೋಧನಾ ಸಂಸ್ಥೆ) ವಿಧಾನದಲ್ಲಿ ಬೇರಿನ ಸಾರ ಕುಡಿಸಿದ ಇಲಿಯನ್ನು ಅಲುಗಾಡದಂತೆ ಕೂಡಿಸಿ, 5 ಡಿಗ್ರಿ ಸೆಲ್ಸಿಯಸ್ ಚಳಿ, 428 ಮಿ.ಮೀ. ಪಾದರಸ ಒತ್ತಡದಲ್ಲಿ (ಸುಮಾರು 15,000 ಅಡಿ ಎತ್ತರದ ಗಾಳಿ) ಇಡುತ್ತಾರೆ. ಗುದದ ತಾಪ 23ಕ್ಕೆ ಇಳಿಯಲು, ಮರಳಿ 37ಕ್ಕೇರಲು ಹಿಡಿಯುವ ಹೊತ್ತೇ ಅಳತೆ.

ಎಡವುವುದು ಇಲ್ಲೇ. ತಾಪಮಾಪಕ ಒಂದು ಇಲಿಗೆ 2 ಸೆಂ.ಮೀ., ಇನ್ನೊಂದಕ್ಕೆ 4 ಸೆಂ.ಮೀ. ಒಳಹೋದರೆ ಅಂಕಿಗಳನ್ನು ಹೋಲಿಸಲಾಗದು. ದಪ್ಪ ಇಲಿ ನಿಧಾನವಾಗಿ ತಣ್ಣಗಾಗುತ್ತದೆ; ತೂಕ ಸಮವಿರಬೇಕು. ಸಾರದಲ್ಲಿ ಆಲ್ಕೋಹಾಲ್ ಉಳಿದರಂತೂ ರಕ್ತನಾಳ ಹಿಗ್ಗಿ ಮೈ ಬೇಗ ತಣಿಯುತ್ತದೆ.

ಇಲಿಗೆ ಮೈತೂಕದ ಕಿಲೋಗೆ 100 ಮಿ.ಗ್ರಾಂ. ಎಂದರೆ ಮನುಷ್ಯರಿಗೆ ಕಿಲೋಗೆ ಸುಮಾರು 16 ಮಿ.ಗ್ರಾಂ.; ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸಬೇಕು. ಪೊಟ್ಟಣದ ಮೇಲೆ ಪುಡಿಯೋ ಸಾರವೋ, ಎಷ್ಟು ಬೇರಿಗೆ ಎಷ್ಟು ಸಾರ ಎಂಬುದನ್ನಾದರೂ ಅಚ್ಚು ಹಾಕಲಿ.

ಇಂತಿ,
ಔಷಧಶಾಸ್ತ್ರ ಅಧ್ಯಾಪಕರು, ಧಾರವಾಡ