ಎಡಭುಜದ ಹಿಂದೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಉಭಯಕುಶಲೋಪರಿ. ಮನೆಯ ಸಮಾಚಾರವನ್ನೆಲ್ಲ ನಿನ್ನಪ್ಪ ಫೋನಿನಲ್ಲಿ ಒಪ್ಪಿಸಿರುತ್ತಾನೆ, ಅದನ್ನು ಬಿಟ್ಟಿದ್ದೇನೆ. ನಿನ್ನ ಕಾಗದ ಬಂದು ಇವತ್ತಿಗೆ ಒಂಬತ್ತು ದಿನ. ಹೊಸ ಕೆಲಸ, ಹೊಸ ರೂಮು, ಅಂಗಾಲು ಕಿತ್ತ ಬೂಟು, ಎಲ್ಲ ಓದಿ ನಕ್ಕೆ. ಆದರೆ ಕೊನೆಯಲ್ಲಿ, ಸಹಿಯ ಮೇಲೆ, ಬೇರೆ ಪೆನ್ನಿನಲ್ಲಿ ಒಂದು ಸಾಲು ತುರುಕಿದ್ದೀಯಲ್ಲ. "ಬೆಟ್ಟ ಹತ್ತಲು ಹೋಗಿ ಗಾಳಿಗೆ ಹೆದರಿ ಅರ್ಧಕ್ಕೇ ವಾಪಸ್ ಬಂದೆ ದೊಡ್ಡಪ್ಪ, ನಾನು ನಿಮ್ಮ ಹಾಗಲ್ಲ. ನೀವು ಕೊಟ್ಟ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದೇನೆ." ಉಳಿದ ನಾಲ್ಕು ಪುಟ ಮರೆತುಹೋಯಿತು, ಈ ಸಾಲು ಮಾತ್ರ ಹೋಗುತ್ತಿಲ್ಲ.

ಎರಡು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬುದ್ಧಿ ಹೇಳಿದ್ದೆ. ಓದಿದರೆ ನನಗೇ ನಾಚಿಕೆಯಾಯಿತು. "ನಿಮ್ಮ ಹಾಗಲ್ಲ" ಅಂದೆಯಲ್ಲ, ಅಲ್ಲಿಗೆ ಬರಬೇಕು. ಬರುತ್ತೇನೆ, ಸ್ವಲ್ಪ ತಾಳು. ಮೊದಲು ಮಂಚದ ಕೆಳಗಿನವರ ವಿಚಾರ.

ನಿನಗೆ ಹದಿನಾರು ತುಂಬಿದಾಗ, ದಕ್ಷಿಣ ಧ್ರುವ ಮುಟ್ಟಲು ಹೊರಟ ಶ್ಯಾಕಲ್ಟನ್ನನ ಪುಸ್ತಕ ಕೊಟ್ಟಿದ್ದೆ. ನೀನು ಅದನ್ನು ವೀರನ ಕಥೆ ಎಂದು ಓದಿದೆ, ಯಾಕೆಂದರೆ ಕೊಡುವಾಗ ನಾನು ಹಾಗೇ ಹೇಳಿದ್ದೆ. ಆದರೆ ಅದು ಹಿಂದಿರುಗಿದವನ ಕಥೆ ಪುಟ್ಟಿ. 1909ರ ಜನವರಿ. ನಾಲ್ಕು ಜನ, ಹಸಿದ ಹೊಟ್ಟೆ, ಎರಡು ದಿನ ಡೇರೆಯಿಂದ ತಲೆ ಹೊರಗಿಡಲು ಬಿಡದ ಹಿಮಗಾಳಿ. 9ನೇ ತಾರೀಕು ಗಾಳಿ ತಗ್ಗಿದಾಗ ಇನ್ನೊಂದಿಷ್ಟು ದೂರ ಓಡುನಡಿಗೆಯಲ್ಲಿ ಹೋಗಿ, ಬಾವುಟ ನೆಟ್ಟು, ವಾಪಸ್ ತಿರುಗಿದರು. ದಕ್ಷಿಣ ಧ್ರುವಕ್ಕೆ ಉಳಿದದ್ದು 97 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 180 ಕಿಲೋಮೀಟರು. ಅಲ್ಲಿಗೆ ಅದುವರೆಗೆ ಯಾರೂ ಹೋಗಿರಲಿಲ್ಲ. ಮುಂದೆ ಹೋಗಿದ್ದರೆ ಬಹುಶಃ ಮುಟ್ಟುತ್ತಿದ್ದರು, ಆದರೆ ವಾಪಸ್ ಬರಲು ಊಟ ಸಾಲುತ್ತಿರಲಿಲ್ಲ. ಸತ್ತ ಸಿಂಹಕ್ಕಿಂತ ಬದುಕಿರುವ ಕತ್ತೆ ವಾಸಿಯಲ್ಲವೇ ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ. ಈ ಮಾತು ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಬೇರೆ. ಅವನು ಆ 97ನ್ನು ಮುಚ್ಚಿಡಲಿಲ್ಲ. ಇಷ್ಟು ದೂರ ಹೋದೆ, ಇಷ್ಟು ಉಳಿಯಿತು ಎಂದು ಬರೆದಿಟ್ಟ. ಅಕ್ಷಾಂಶ ಸಮೇತ, 88 ಡಿಗ್ರಿ 23 ಮಿನಿಟು.

ನೋಡು, ಮತ್ತೆ ಪಾಠ ಶುರುವಾಯಿತು. ಮೇಷ್ಟ್ರಾಗಿದ್ದವನ ಚಾಳಿ, ಸುಡುಗಾಡು.

ನಿನ್ನ ಸಾಲು ಓದಿದ ರಾತ್ರಿ ನನಗೆ ನೆನಪಾದವನು ಶ್ಯಾಕಲ್ಟನ್ ಅಲ್ಲ, ಚೆರ್ರಿ-ಗ್ಯಾರಾರ್ಡ್. ಸ್ಕಾಟ್ ಎಂಬ ನಾಯಕನ ದಕ್ಷಿಣ ಧ್ರುವದ ತಂಡದಲ್ಲಿದ್ದವನು, 'ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್' ಬರೆದವನು. ದಪ್ಪ ಪುಸ್ತಕ, ನೀನು ಅರ್ಧ ಓದಿ ಇಟ್ಟೆ ಅಂತ ಕಾಣುತ್ತದೆ. ವಿಪರೀತ ಸಮೀಪದೃಷ್ಟಿ ಅವನಿಗೆ, ಆ ಚಳಿಯಲ್ಲಿ ಕನ್ನಡಕ ಹಾಕಿದರೆ ಉಸಿರೇ ಅದರ ಮೇಲೆ ಹೆಪ್ಪುಗಟ್ಟುತ್ತಿತ್ತು. 1911ರ ಚಳಿಗಾಲದ ಕತ್ತಲಲ್ಲಿ ಅದೇ ತಂಡದ ವಿಲ್ಸನ್, ಬವರ್ಸ್ ಜೊತೆ ಪೆಂಗ್ವಿನ್ ಮೊಟ್ಟೆ ತರಲು ಹೋದ. ಮೊಟ್ಟೆ ತರಲು! ಐದು ವಾರ, ಒಮ್ಮೊಮ್ಮೆ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗಿಳಿಯುವ ಚಳಿ. ಬಿರುಗಾಳಿ ಡೇರೆಯನ್ನೇ ಹೊತ್ತೊಯ್ದಿತು. ಡೇರೆ ಇಲ್ಲ ಅಂದರೆ ಅಲ್ಲಿ ಸಾವು ಅಂತಲೇ ಲೆಕ್ಕ. ಗಾಳಿ ನಿಂತ ಮೇಲೆ ಹುಡುಕಿದರೆ ಇಳಿಜಾರಿನ ಬುಡದಲ್ಲಿ ಡೇರೆ ಹೆಚ್ಚುಕಡಿಮೆ ಹಾಗೇ ಬಿದ್ದಿತ್ತು. ಆಮೇಲೆ ಬವರ್ಸ್ ಮಲಗುವಾಗ ಡೇರೆಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನಗೇ ಕಟ್ಟಿಕೊಂಡ. ಹೋದರೆ ಇಬ್ಬರೂ ಒಟ್ಟಿಗೇ ಹೋಗಲಿ ಅಂತ. ಈ ಜಾಗ ಬಂದಾಗಲೆಲ್ಲ ನಗುತ್ತೇನೆ, ನಕ್ಕಮೇಲೆ ಒಂಥರಾ ಆಗುತ್ತದೆ. ಇಷ್ಟಾದರೂ ಆ ಬವರ್ಸ್ ಇನ್ನೊಂದು ಸಲ ಪೆಂಗ್ವಿನ್ ಹತ್ತಿರ ಹೋಗೋಣ ಅನ್ನುವವನು. ಬೇಡ, ವಾಪಸ್ ಹೋಗೋಣ ಅಂದದ್ದು ವಿಲ್ಸನ್. ಹೆದರಿ ಅಂದನೇ? ನೀನೇ ಹೇಳು.

ನನಗೆ ನಿದ್ದೆ ಕೆಡಿಸಿದ್ದು ಅದರ ಮುಂದಿನ ಭಾಗ. 1912ರ ಮಾರ್ಚಿನಲ್ಲಿ ಚೆರ್ರಿ-ಗ್ಯಾರಾರ್ಡ್ ನಾಯಿಬಂಡಿ ತೆಗೆದುಕೊಂಡು ಒನ್ ಟನ್ ಎಂಬ ಉಗ್ರಾಣದವರೆಗೆ ಹೋಗಿ, ಧ್ರುವದಿಂದ ಹಿಂದಿರುಗಬೇಕಾಗಿದ್ದ ಸ್ಕಾಟ್‌ಗಾಗಿ ಕಾದ. ಆರು ದಿನ. ಹೆಚ್ಚಿನ ದಿನಗಳಲ್ಲಿ ಹಿಮಗಾಳಿ. ನಾಯಿಗಳ ಆಹಾರ ಮುಗಿಯುತ್ತಿತ್ತು, ನಾಯಿಗಳನ್ನು ಅಪಾಯಕ್ಕೆ ಒಡ್ಡಬೇಡ ಎಂಬ ಸೂಚನೆಯೂ ಇತ್ತು. 10ನೇ ತಾರೀಕು ಹಿಂದಿರುಗಿದ. ಆ ಹೊತ್ತಿಗೆ ಸ್ಕಾಟ್ ಇನ್ನೂ ಬಹಳ ದೂರದಲ್ಲಿದ್ದ. ಆದರೆ ನವೆಂಬರಿನಲ್ಲಿ ಸ್ಕಾಟ್‌ನ ಡೇರೆ ಸಿಕ್ಕಿದ್ದು ಅದೇ ಉಗ್ರಾಣದಿಂದ ಬರೀ 11 ಮೈಲಿ ಆಚೆ. ಒಳಗೆ ಸ್ಕಾಟ್ ಪಕ್ಕದಲ್ಲಿ ಸತ್ತು ಮಲಗಿದ್ದವರು ವಿಲ್ಸನ್, ಬವರ್ಸ್. ಹುಡುಕಲು ಹೋದವರಲ್ಲಿ ಇವನೂ ಇದ್ದ. ಆಗ ಅವನಿಗೆ ಇಪ್ಪತ್ತಾರು.

ಮುಂದೆ ಹೋಗಿದ್ದರೆ ಸಿಗುತ್ತಿದ್ದರೇ ಎಂದು ಬದುಕಿಡೀ ಕೇಳಿಕೊಂಡನಂತೆ. ಹಿಂದಿರುಗಿದ್ದು ತಪ್ಪಲ್ಲ ಎಂದು ನಾಲ್ಕು ಜನ ಹೇಳಿದರೆ ವಾಸಿಯಾಗುವ ನೋವಲ್ಲ ಅದು. ನಿನಗೂ ನಾನು ಹಾಗೆ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಆದರೆ ಅವನು ಹತ್ತು ವರ್ಷದ ಮೇಲೆ, 1922ರಲ್ಲಿ, ಎಲ್ಲವನ್ನೂ ಬರೆದ. ಎಷ್ಟು ದಿನ ಕಾದೆ, ಗಾಳಿ ಎಷ್ಟಿತ್ತು, ಯಾವ ದಿನ ತಿರುಗಿದೆ, ಎಲ್ಲ.

ನಾನು ಬರೆಯಲಿಲ್ಲ. ಅದನ್ನು ಹೇಳಲೆಂದೇ ಇಷ್ಟು ಸುತ್ತು ಬಳಸಿದ್ದು.

ನಿನಗೆ ಚಿಕ್ಕಂದಿನಿಂದ ಹೇಳಿದ ಆ ಶಿಖರದ ಕಥೆ ಇದೆಯಲ್ಲ, ಬೆಟ್ಟದ ಏಣು, ಗಾಳಿ, ತುದಿಯಲ್ಲಿ ನಿಂತು ಕೂಗಿದ್ದು? ತುದಿಯವರೆಗೆ ನಾನು ಹೋಗಲಿಲ್ಲ ಮಗಳೇ. ನನಗೂ ಆಗ ಇಪ್ಪತ್ತಾರು. ಏಣಿನ ಮೇಲೆ ಬಂದದ್ದೇ ತಡ, ಗಾಳಿ ಬಾಯಿಂದ ಉಸಿರನ್ನು ಕಿತ್ತುಕೊಂಡು ಹೋಗತೊಡಗಿತು. ಟೋಪಿಯ ಪಟ್ಟಿ ಕೆನ್ನೆಗೆ ಛಟ್ ಛಟ್ ಬಡಿಯುತ್ತಿತ್ತು. ನಕ್ಷೆ ಬಿಡಿಸಿದರೆ ಮಡಿಕೆಯ ಗುಂಟ ಹರಿದು, ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಹೋಯಿತು. ಹಾರಿಹೋದ ಆ ಅರ್ಧವನ್ನು ನೋಡುತ್ತ ಕೂತವನು ಏಳಲಿಲ್ಲ. ಒಂದು ಬಂಡೆಯ ಮರೆಗೆ ತೆವಳಿಕೊಂಡು ಹೋದೆ. ಗೆಳೆಯ ಮುಂದೆ ಹೋಗಿ ಮುಕ್ಕಾಲು ಗಂಟೆಯ ಮೇಲೆ ಬಂದ. ಏನೂ ಅನ್ನಲಿಲ್ಲ, ನೀರು ಕುಡಿಸಿದ. ಕೆಳಗಿಳಿದ ಮೇಲೆ ಯಾರೋ "ತುದಿ ಮುಟ್ಟಿದಿರಾ?" ಅಂದರು. ನಾನು "ಹೂಂ" ಅಂದೆ. ಅವನು ನನ್ನ ಮುಖ ನೋಡಿ ಸುಮ್ಮನಾದ. ಸಾಯುವವರೆಗೂ ಸುಮ್ಮನೇ ಇದ್ದ.

ಆ "ಹೂಂ" ನನಗೆ ಏನು ಮಾಡಿತು ಗೊತ್ತೇ? ಇನ್ನೊಂದು ಸಲ ಹೋಗುವುದನ್ನೇ ತಪ್ಪಿಸಿತು. ಹತ್ತಿ ಬಂದವನು ಮತ್ತೆ ಯಾಕೆ ಹೊರಡುತ್ತಾನೆ? ಯಾರಿಗೆ ಏನು ಹೇಳಿ ರಜೆ ಹಾಕಲಿ? ಹಾಗಾಗಿ ಪುಸ್ತಕ ಕೊಂಡೆ. ಒಂದಾದ ಮೇಲೊಂದು, ನಡೆದವರದು, ಗಾಳಿಗೆ ಎದುರಾದವರದು, ಸಮುದ್ರಕ್ಕೆ ಬಿದ್ದವರದು. ಅಲಮಾರು ತುಂಬಿತು, ಮೊಣಕಾಲು ಸವೆಯಿತು. ಅದೇ ಪುಸ್ತಕ ನಿನ್ನ ಕೈಗೆ ಬಂದು, ನನ್ನ ಸುಳ್ಳನ್ನೇ ಅಳತೆಗೋಲು ಮಾಡಿಕೊಂಡು ನೀನು ಕುಗ್ಗಿ ಕೂತಿದ್ದೀಯ. ನೀನು ಮನೆಗೆ ಬಂದ ದಿನವೇ "ಅರ್ಧಕ್ಕೇ ವಾಪಸ್ ಬಂದೆ" ಎಂದು ಬರೆದೆ. ನನಗೆ ಅಷ್ಟನ್ನು ಬರೆಯಲು ನಲವತ್ತಮೂರು ವರ್ಷ ಹಿಡಿಯಿತು.

ಬುದ್ಧಿವಾದ ಅಂತ ಇದ್ದರೆ ಒಂದೆರಡು, ನನ್ನಂಥವನು ಹೇಳಬಹುದಾದರೆ. ಹೊರಡುವ ಮೊದಲೇ ತಿರುಗುವ ಹೊತ್ತನ್ನು ಗೊತ್ತು ಮಾಡಿಕೋ. ಗಾಳಿಯಲ್ಲಿ ನಿಂತು ಯೋಚಿಸಲು ಆಗುವುದಿಲ್ಲ, ತಲೆ ಓಡುವುದಿಲ್ಲ. ಆಯ್ಕೆ ಇದ್ದರೆ ಹೋಗುವಾಗ ಎದುರುಗಾಳಿ ಇರಲಿ, ದಣಿದು ಬರುವಾಗ ಬೆನ್ನಿಗೆ ಬರಲಿ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳುವಿಕೆ ನಾಲ್ಕರಷ್ಟಾಗುತ್ತದೆ, ಹಾಗಾಗಿ "ಸ್ವಲ್ಪ ಜಾಸ್ತಿಯಾಗಿದೆ ಅಷ್ಟೆ" ಅನ್ನುವ ಮಾತನ್ನು ನಂಬಬೇಡ. ಬೋಫರ್ಟ್ ಎಂಬ ನೌಕಾಧಿಕಾರಿ 1805ರ ಸುಮಾರಿಗೆ ಮಾಡಿದ ಗಾಳಿಯ ಅಳತೆ ಈಗಲೂ ಚಾಲ್ತಿಯಲ್ಲಿದೆ, ಸೊನ್ನೆಯಿಂದ ಹನ್ನೆರಡು. ಏಳಕ್ಕೆ ಇಡೀ ಮರ ತೂಗುತ್ತದೆ, ಎದುರು ನಡೆಯುವುದು ಕಷ್ಟ. ಎಂಟಕ್ಕೆ ಸಣ್ಣ ರೆಂಬೆಗಳು ಮುರಿಯುತ್ತವೆ. ಏಣಿನ ಮೇಲೆ ಮರವೇ ಇರುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು, ಮಂಚದ ಕೆಳಗಿನಿಂದ ನ್ಯಾನ್ ಶೆಫರ್ಡ್ ಎಂಬವಳು ಸ್ಕಾಟ್ಲೆಂಡಿನ ಬೆಟ್ಟಗಳ ಮೇಲೆ ಬರೆದ ಸಣ್ಣ ಪುಸ್ತಕ ಮಾತ್ರ ಹೊರಗೆ ತೆಗೆ. ಅವಳಿಗೆ ಬೆಟ್ಟದ ತುದಿಯ ಹಂಗಿಲ್ಲ, ಬೆಟ್ಟದ ಒಳಗೆ ನಡೆಯುತ್ತಾಳೆ. ಬರೆದು ಮೂವತ್ತು ವರ್ಷ ಡ್ರಾಯರಿನಲ್ಲಿಟ್ಟು, 1977ರಲ್ಲಿ ಅಚ್ಚು ಮಾಡಿಸಿದಳು. ತಡ ಮಾಡಿದವರ ಜಾತಿ, ಅದಕ್ಕೇ ನನಗಿಷ್ಟ.

ನಿನ್ನ ಹತ್ತಿರ ನನ್ನ ಆ ಫೋಟೋ ಇದೆಯಲ್ಲ, ಕಲ್ಲುಗುಪ್ಪೆಯ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತದ್ದು? ತೆಗೆದು ನನ್ನ ಎಡಭುಜದ ಹಿಂದೆ ನೋಡು. ಏಣು ಇನ್ನೂ ಮೇಲಕ್ಕೆ ಹೋಗುತ್ತಿದೆ. ಇಷ್ಟು ವರ್ಷ ಗೋಡೆಯ ಮೇಲಿದ್ದರೂ ಯಾರೂ ಕೇಳಲಿಲ್ಲ.

ನೀನು ಹಿಂದಿರುಗಿದ ದಿನ ಗಾಳಿ ಎಷ್ಟಿತ್ತು, ಎಲ್ಲಿಂದ ತಿರುಗಿದೆ, ಅದನ್ನು ಬರೆದಿಲ್ಲ. ಬರೆ.

ಇಂತಿ ನಿನ್ನ
ದೊಡ್ಡಪ್ಪ