ಹಿಮ ಕರಗಿದ ಮೇಲೂ ಕಾಯಬೇಕಾದುದಿದೆ

ಮಾನ್ಯರೇ,

ಉಗಾಂಡ–ಕಾಂಗೊ ಗಡಿಯ ರುವೆಂಜೋರಿ ಪರ್ವತಶ್ರೇಣಿಯ ಹಿಮನದಿಗಳು ಕರಗುತ್ತಿರುವ ಬಗ್ಗೆ ಪ್ರಕಟವಾದ ವರದಿಯು ಹಿಮದ ಕೆಳಗಿನ ಜೀವಲೋಕವನ್ನು ಮರೆತಿದೆ.

ಭೂಮಧ್ಯರೇಖೆಗೆ ಒತ್ತಿಕೊಂಡಂತಿರುವ ಈ ಶ್ರೇಣಿಯ ಮಾರ್ಗರಿಟಾ ಶಿಖರ 5,109 ಮೀಟರ್ ಎತ್ತರವಿದೆ. ವರ್ಷದ ಬಹುಪಾಲು ಮಂಜು ಕವಿದಿರುವ ಅದರ ಇಳಿಜಾರುಗಳಲ್ಲಿ ಬಿದಿರು ಕಾಡು, ಹಾವಸೆ ತೊಟ್ಟ ಹೀದರ್ ಮರಗಳು, ಆಳೆತ್ತರವನ್ನೂ ಮೀರುವ ಲೋಬೆಲಿಯಾ ಗಿಡಗಳಿವೆ. ನಮ್ಮ ಪಶ್ಚಿಮಘಟ್ಟದ ಕಾಡು ಹೊಗೆಸೊಪ್ಪು ಇದೇ ಲೋಬೆಲಿಯಾ ಕುಲದ್ದು ಎಂದರೆ ಚಾರಣಿಗರಿಗೆ ಅಚ್ಚರಿಯಾದೀತು! ಮೂರು ಕೊಂಬಿನ ಊಸರವಳ್ಳಿ, ಕೆಂಪು ರೆಕ್ಕೆಯ ಟುರಾಕೊ ಹಕ್ಕಿ, ಕೊಲೊಬಸ್ ಕೋತಿಗಳು ಇಲ್ಲಿನ ನಿವಾಸಿಗಳು.

ಸುದ್ದಿಯಾಗದಿರುವುದು ಇಲ್ಲಿನ ಜೌಗು ಕಣಿವೆಗಳು. ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಹೊಳೆಗಳಿಗೆ ಬಿಡುವುದು ಇವೇ. ಆ ನೀರು ಕೊನೆಗೆ ನೈಲ್ ನದಿಯನ್ನು ಸೇರುತ್ತದೆ. ಶಿಖರದತ್ತ ಸಾಗುವವರ ಬೂಟುಗಳು ಈ ಮೆತ್ತನೆಯ ನೆಲವನ್ನು ತುಳಿದು ಕೆಸರಾಗಿಸುತ್ತವೆ. 2020ರ ಮೇ ತಿಂಗಳಿನಲ್ಲಿ ತಪ್ಪಲಿನ ಕಿಲೆಂಬೆಯಲ್ಲಿ ನ್ಯಾಮ್ವಾಂಬಾ ನದಿ ಉಕ್ಕಿ ಊರನ್ನೇ ನುಗ್ಗುನುರಿ ಮಾಡಿದ್ದನ್ನು ನೆನೆದರೆ, ಮೇಲಿನ ನೆಲದ ಕಾಳಜಿ ಕೆಳಗಿನವರ ಪ್ರಾಣದ ಪ್ರಶ್ನೆಯೂ ಹೌದು.

ಹಿಮವನ್ನು ಉಗಾಂಡ ಒಂದೇ ಉಳಿಸಿಕೊಳ್ಳಲಾರದು, ಜೌಗನ್ನು ಉಳಿಸಬಹುದು. 1994ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಈ ತಾಣದ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ಜೌಗಿನ ಮೇಲೆ ಮರದ ಹಲಗೆಯ ಹಾದಿ ಹಾಸಲು, ನದಿದಂಡೆಗಳಲ್ಲಿ ಬಿದಿರು ನೆಡಲು ಮೀಸಲಿಡಲಿ. ಪತ್ರಿಕೆಯೂ ಮುಂದಿನ ವರದಿಯಲ್ಲಿ ಜೌಗಿನ ಚಿತ್ರವೊಂದನ್ನು ಪ್ರಕಟಿಸಲಿ.

– ನಿವೃತ್ತ ಭೂಗೋಳ ಶಿಕ್ಷಕ, ಶಿವಮೊಗ್ಗ